ಹಾಗಾದ್ರೆ ತಪ್ಪು ನನ್ನದಾ?

"ಹಾಗಾದ್ರೆ ತಪ್ಪು ನನ್ನದಾ ಸರ್?"

ಮಹಿಳಾ ಸಮಾಜದ ಹಾಲ್‌ನಲ್ಲಿ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ.

ಮೈಕ್ ಹಿಡಿದಿದ್ದ ನಿತೇಶ್ ಮಾತು ನಿಲ್ಲಿಸಿ ನೋಡಿದ. ಮೂರನೇ ಸಾಲಿನಲ್ಲಿ ಒಬ್ಬಳು ಹುಡುಗಿ ಎದ್ದು ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಅಂಗಡಿಯಿಂದ ನೇರವಾಗಿ ಬಂದವಳು ಅದನ್ನು ತೆಗೆದಿಡುವುದನ್ನೇ ಮರೆತಿದ್ದಳು. ದನಿ ಗಟ್ಟಿಯಾಗಿತ್ತು.

"ಮೇಡಂ... ನನಗೆ ಅರ್ಥ ಆಗ್ಲಿಲ್ಲ."

"ಈಗ ತಾನೆ ಹೇಳಿದ್ರಲ್ಲ, ಒಬ್ಬರು ಗಮನಿಸಿದ್ರೆ ಸಾಕು, ಪ್ರತಿಯೊಂದು ಆತ್ಮಹತ್ಯೆಯನ್ನೂ ತಡೀಬಹುದು ಅಂತ. ಗೋಡೆ ಮೇಲೂ ಅದನ್ನೇ ಅಂಟಿಸಿದ್ದೀರಿ. ನನ್ನ ಅಣ್ಣ ಸುದೀಪ್... ಹೋದ ದಿನ ನನ್ನ ಅಂಗಡೀಲಿ ನನ್ನ ಎದುರಿಗೇ ಕೂತಿದ್ದ. ನಾನು ಗಮನಿಸ್ಲಿಲ್ಲ. ಹಾಗಾದ್ರೆ ಅವನನ್ನ ಕೊಂದಿದ್ದು ನಾನೇ ತಾನೆ?"

ಯಾರೋ ಕೆಮ್ಮಿದರು. ಯಾರೋ ತಲೆ ತಗ್ಗಿಸಿದರು.

ಅಲ್ಲಿದ್ದವರೆಲ್ಲ ಶನಿವಾರಸಂತೆಯವರೇ. ಆಟೋದವರು, ಕಟಿಂಗ್ ಶಾಪಿನವರು, ಆಶಾ ಕಾರ್ಯಕರ್ತೆಯರು, ಟೈಲರ್‌ಗಳು. ಊರಲ್ಲಿ ನಾಲ್ಕು ಜನರ ಸುಖದುಃಖ ಕಿವಿಗೆ ಬೀಳುವ ಕೆಲಸದವರು ಎಂದೇ ಅವರನ್ನು ಆತ್ಮಹತ್ಯೆ ತಡೆಯುವ ಈ ತರಬೇತಿಗೆ ಕರೆದಿದ್ದರು. ಸುದೀಪ್ ಹೇಗೆ ಹೋದ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಈ ಮೂರು ವರ್ಷ ಮನೆಯವರು "ಹಾರ್ಟ್ ಅಟ್ಯಾಕ್" ಅಂದಿದ್ದರು, ಊರು "ಹೌದಾ, ಪಾಪ" ಅಂದಿತ್ತು. ಅಷ್ಟೇ.

ಇವತ್ತು ಅವನ ತಂಗಿ ರಶ್ಮಿತಾಳೇ ಎಲ್ಲರ ಮುಂದೆ ಬಾಯಿ ಬಿಟ್ಟಿದ್ದಳು!

ನಿತೇಶ್ ಮೈಕ್ ಕೆಳಗಿಳಿಸಿದ. ಎಷ್ಟೋ ಊರುಗಳಲ್ಲಿ ಹೇಳಿ ಚಪ್ಪಾಳೆ ತಗೊಂಡಿದ್ದ ಮಾತು ಅದು. ಇವತ್ತು ಅದೇ ಮಾತು ಒಬ್ಬಳ ಎದೆಗೆ ಹೋಗಿ ನಾಟಿತ್ತು.

ರಶ್ಮಿತಾ ಬ್ಯಾಗ್ ಎತ್ತಿಕೊಂಡು ಹೊರಗೆ ನಡೆದೇಬಿಟ್ಟಳು.

*

ಸಂಜೆಯೊಳಗೆ ವಿಷಯ ಮನೆ ಮುಟ್ಟಿತ್ತು.

"ಏನೇ ಇದು ರಶ್ಮಿ? ಮುಚ್ಚಿಟ್ಟಿದ್ದನ್ನೆಲ್ಲ ಮೈಕ್ ಮುಂದೆ ಹೇಳ್ಬಿಟ್ಯಂತೆ?" ತಾಯಿ ಮುತ್ತಮ್ಮನ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. "ನಾಳೆ ನಿನಗೆ ಯಾರು ಸಂಬಂಧ ತರ್ತಾರೆ?"

"ಬರೋದು ಬೇಡಮ್ಮ."

"ಬೇಡ ಅಂತೆ! ಹೇಳೋದು ಸುಲಭ."

ತಂದೆ ಕೃಷ್ಣಪ್ಪ ಎದ್ದು ತೋಟದ ಕಡೆ ಹೋದರು. ಮಗ ಹೋದ ಮೇಲೆ ಅವರ ಮಾತೂ ಅವನ ಜೊತೆಗೇ ಹೋಗಿತ್ತು.

ಮುಂದಿನ ಶನಿವಾರ, ಸಂತೆಯ ದಿನ. ರಶ್ಮಿತಾಳ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಬ್ಲೌಸ್ ಕೊಡುವವರು, ಫಾಲ್ಸ್ ಹಚ್ಚಿಸುವವರು, "ನಾಳೆ ಮದುವೆ ಕಣವ್ವ, ಇವತ್ತೇ ಬೇಕು" ಎಂದು ಗೋಗರೆಯುವವರು. ಆ ಹೆಂಗಸರ ಮಧ್ಯೆ ಒಬ್ಬ ಗಂಡಸು ಸಂಕೋಚದಿಂದ ಮುದುರಿಕೊಂಡು ನಿಂತಿದ್ದ.

ರಶ್ಮಿತಾ ತಲೆಯೆತ್ತಿ ನೋಡಿದಳು. ಅವತ್ತು ಮೈಕ್ ಹಿಡಿದಿದ್ದವನು. ಅವನೇ!

"ಇದು ಲೇಡೀಸ್ ಟೈಲರ್ ಸರ್. ಶರ್ಟ್ ಹೊಲಿಯಲ್ಲ."

"ಶರ್ಟ್‌ಗೆ ಬಂದಿಲ್ಲ ಮೇಡಂ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಸುತ್ತಲಿನ ಹೆಂಗಸರ ಕಿವಿಗಳೆಲ್ಲ ನಿಮಿರಿದವು. ರಶ್ಮಿತಾ ಮೆಷಿನ್ ನಿಲ್ಲಿಸಿ ಅಂಗಡಿಯ ಹಿಂದಿನ ಕಟ್ಟೆಯ ಕಡೆ ಕೈ ತೋರಿಸಿದಳು.

"ಆ ಹಾಲ್‌ನಲ್ಲಿ ಕಳಕೊಂಡವರೂ ಕೂತಿರ್ತಾರೆ ಅಂತ ನಾನು ಯೋಚಿಸ್ಬೇಕಿತ್ತು," ನಿತೇಶ್ ಹೇಳಿದ. "ಆ ಮಾತನ್ನ ತೆಗೆದುಹಾಕಿದ್ದೀನಿ, ಗೋಡೆಯಿಂದಾನೂ. ಆದ್ರೆ ಅದರ ಬದಲು ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ. ನೀವು ಹೇಳ್ತೀರಾ?"

ಅವಳಿಗೆ ನಗು ಬಂತು, ಸಿಟ್ಟೂ ಬಂತು. "ಕಲಿಸೋರು ನೀವು. ನನ್ನ ಕೇಳ್ತೀರಲ್ಲ!"

"ನೋವು ನಿಮ್ಮದು. ಅದಕ್ಕೆ ಕೇಳ್ತಿದ್ದೀನಿ."

ಅವಳು ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದಳು. ಸಂತೆಯ ಗದ್ದಲ ದೂರದಿಂದ ಕೇಳುತ್ತಿತ್ತು.

"ಕೆಲವು ಸಲ ಗೊತ್ತಾಗುತ್ತೆ, ಕೆಲವು ಸಲ ಗೊತ್ತಾಗಲ್ಲ. ಗೊತ್ತಾದ್ರೆ ಕೇಳಿ, ಜೊತೆಗಿರಿ. ಗೊತ್ತಾಗ್ದೇ ಹೋದ್ರೆ... ಜೀವನಪೂರ್ತಿ ನಿಮಗೆ ನೀವೇ ಶಿಕ್ಷೆ ಕೊಟ್ಕೋಬೇಡಿ. ಹೀಗೆ ಹೇಳಿ ಸರ್."

ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿ ಬಂತು. ಇದನ್ನ ನನಗೇ ನಾನು ಯಾವತ್ತಾದ್ರೂ ಹೇಳ್ಕೊಂಡಿದ್ದೀನಾ...?

ನಿತೇಶ್ ಅವಳ ಕಣ್ಣೊರೆಸಲು ಹೋಗಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಿದ್ದ. ಅದೇ ಅವಳಿಗೆ ಹಿತವಾಯಿತು.

*

ತರಬೇತಿಯ ಎರಡನೇ ದಿನಕ್ಕೆ ರಶ್ಮಿತಾ ಹೋದಳು. ಹೋಗಬಾರದು ಎಂದುಕೊಂಡೇ ಹೋದಳು!

"ಸಾರ್, ನೇರವಾಗಿ ಕೇಳ್ಬೇಕು ಅಂತೀರಿ," ಆಟೋ ಬೊಳ್ಳಪ್ಪ ಎದ್ದು ನಿಂತ. "ಸಾಯೋ ಯೋಚನೆ ಇದೆಯಾ ಅಂತ ಕೇಳಿದ್ರೆ, ಇಲ್ದೇ ಇರೋ ಯೋಚನೇನ ನಾವೇ ತಲೆಗೆ ಹಾಕ್ದಂಗೆ ಆಗಲ್ವಾ?"

"ಆಗಲ್ಲ ಅಣ್ಣ. ಇರೋ ಯೋಚನೆ ಹೇಳ್ಕೊಳ್ಳೋಕೆ ಅವರಿಗೊಂದು ದಾರಿ ಸಿಗುತ್ತೆ. ಬೈಬೇಡಿ, ಬುದ್ಧಿ ಹೇಳ್ಬೇಡಿ, 'ನಿನಗೇನು ಕಮ್ಮಿ ಆಗಿದೆ' ಅನ್ಬೇಡಿ. ಕೇಳಿ, ಕೇಳಿಸ್ಕೊಳ್ಳಿ. ಒಬ್ಬರನ್ನೇ ಬಿಡ್ಬೇಡಿ. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಏನೂ ತೋಚದಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ೧೪೪೧೬. ಕನ್ನಡದಲ್ಲೇ ಮಾತಾಡ್ತಾರೆ."

ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸಿದ. ರಶ್ಮಿತಾಗೆ ಜೊತೆ ಸಿಗಲಿಲ್ಲ. ನಿತೇಶನೇ ಅವಳೆದುರು ಕುರ್ಚಿ ಎಳೆದುಕೊಂಡ.

"ಕೇಳಿ ಮೇಡಂ. ನಾನು ಕಷ್ಟದಲ್ಲಿದ್ದೀನಿ ಅಂದ್ಕೊಳ್ಳಿ."

ಅವಳು ಅವನ ಕಣ್ಣನ್ನೇ ನೋಡಿದಳು. ಕೊನೆಗೂ ಕೇಳಿದಳು, "ನಿಮಗೆ... ಸಾಯಬೇಕು ಅನ್ನಿಸ್ತಿದೆಯಾ?"

ಅಭ್ಯಾಸದ ಮಾತು ಅದು. ಆದರೂ ನಿತೇಶ್ ಒಂದು ಕ್ಷಣ ಕಲ್ಲಾಗಿ ಕೂತ. ಕಣ್ಣಿನಲ್ಲಿ ಏನೋ ಬಂದು ಹೋಯಿತು.

"ಚೆನ್ನಾಗಿ ಕೇಳಿದ್ರಿ," ಎಂದು ಗಡಿಬಿಡಿಯಲ್ಲಿ ಎದ್ದುಬಿಟ್ಟ.

ಯಾಕೆ ಹಾಗೆ ನೋಡಿದ್ರು...? ಮನೆಗೆ ಹೋಗುವ ದಾರಿಯುದ್ದಕ್ಕೂ ರಶ್ಮಿತಾಗೆ ಅದೇ ಯೋಚನೆ.

ಅಲ್ಲಿಂದ ಮುಂದೆ ನಿತೇಶ್ ಆ ಕಡೆಯ ಊರುಗಳಿಗೆ ಬಂದಾಗಲೆಲ್ಲ ಅವಳ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಎರಡು ಟೀ ಲೋಟ ಇರುತ್ತಿದ್ದವು. ಅವನು ಮೂರ್ನಾಡಿನವನು, ಮನೆಯಲ್ಲಿ ಆಡುವುದು ಕೊಡಗಿನ ಅರೆಭಾಷೆ. ಮಡಿಕೇರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ತಂದೆ ತಾಯಿ ಇಲ್ಲ, ಅಕ್ಕ ಅನುಶ್ರೀಯೇ ಎಲ್ಲ. ಇಷ್ಟನ್ನು ಅವನು ನಿಧಾನವಾಗಿ ಹೇಳಿದ. ಅವಳು ಮಾತ್ರ ಒಂದು ದಿನ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿಬಿಟ್ಟಳು.

"ಅವತ್ತು ಅಣ್ಣ ಬಂದು ಆ ಸ್ಟೂಲ್ ಮೇಲೆ ಕೂತ. 'ರಶ್ಮಿ, ಟೀ ಕುಡಿಯೋಣ್ವೇನೇ' ಅಂದ. ನನಗೆ ಹಬ್ಬದ ಕೆಲಸ ತಲೆ ಮೇಲೆ. 'ಸುಮ್ನಿರಣ್ಣ, ಆಮೇಲೆ' ಅಂದೆ. ಅವನು ನಕ್ಕು, 'ನೀನು ಚೆನ್ನಾಗಿ ಹೊಲೀತೀಯ ಕಣೆ' ಅಂದು ಎದ್ದು ಹೋದ. ನಾನು ತಲೆಯೆತ್ತಿ ನೋಡ್ಲೂ ಇಲ್ಲ. ಅವನ ಮುಖ ಹೇಗಿತ್ತು ಅಂತಾನೂ ನಂಗೆ ಗೊತ್ತಿಲ್ಲ! ಇದನ್ನ ಅಮ್ಮಂಗೂ ಹೇಳಿಲ್ಲ ನಿತೇಶ್..."

ಸರ್ ಹೋಗಿ ನಿತೇಶ್ ಆಗಿದ್ದು ಅವಳಿಗೇ ತಿಳಿಯಲಿಲ್ಲ.

ನಿತೇಶ್ ಏನೋ ಹೇಳಲು ಹೊರಟವನು ತಡೆದುಕೊಂಡ. ಅವನ ಮುಖ ಬಿಳಿಚಿತ್ತು. ಅದು ತನ್ನ ಮೇಲಿನ ಮರುಕ ಎಂದುಕೊಂಡಳು ಅವಳು.

*

"ಏನೇ, ನಿಮ್ಮ ಅಣ್ಣನ ಕಥೆ ಈಗ ಹುದಿಕೇರಿವರೆಗೂ ಬಂದಿದೆ?"

ಶೋಭಿತಾ ರಶ್ಮಿತಾಳ ಜೊತೆ ಓದಿದವಳು. ಹುದಿಕೇರಿಗೆ ಮದುವೆಯಾಗಿ ಹೋಗಿದ್ದಳು. ತವರಿಗೆ ಬಂದವಳು ಬ್ಲೌಸ್ ಬಟ್ಟೆ ಹಿಡಿದು ಅಂಗಡಿಗೆ ಬಂದಿದ್ದಳು.

"ಏನಂದೆ?"

"ನಮ್ಮೂರಲ್ಲೂ ಆ ತರಬೇತಿ ಆಯ್ತು ಕಣೆ. ನಿತೇಶ್ ಅಂತ ಒಬ್ಬರು ಬಂದಿದ್ರು. ಒಬ್ಬ ಹುಡುಗ ಸಾಯೋದು ಅಂತ ತೀರ್ಮಾನ ಮಾಡಿ, ಕೊನೇ ಸಲ ನೋಡೋಕೆ ಒಡಹುಟ್ಟಿದವಳ ಹತ್ರ ಹೋದ, ಅವಳೆದುರು ಕೂತ, ಟೀ ಕೇಳ್ದ... ಅಂತೆಲ್ಲ ಹೇಳಿದ್ರು. ಎಲ್ರ ಕಣ್ಣಲ್ಲೂ ನೀರು! ನಂಗೆ ಬಸ್ಸಿಗೆ ಹೊತ್ತಾಯ್ತು, ಅರ್ಧಕ್ಕೇ ಎದ್ದು ಬಂದೆ. ಹೆಸರು ಹೇಳ್ಲಿಲ್ಲ. ಆದ್ರೆ ನಂಗೆ ಗೊತ್ತಾಗಲ್ವಾ, ಅದು ಸುದೀಪಣ್ಣ ಅಂತ?"

ರಶ್ಮಿತಾಳ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

ಅಮ್ಮಂಗೂ ಹೇಳದ ಮಾತು... ಅವನೊಬ್ಬನಿಗೆ ಹೇಳಿದ ಮಾತು!

ಶೋಭಿತಾ ಹೋದ ಕೂಡಲೇ ಫೋನ್ ಮಾಡಿದಳು.

"ಹುದಿಕೇರೀಲಿ ಯಾರ ಕಥೆ ಹೇಳಿದ್ರಿ?"

"ಹುದಿಕೇರೀಲಾ...?"

"ಹೇಳಿ ನಿತೇಶ್! ನನ್ನ ಅಣ್ಣನ ಸಾವು ನಿಮಗೆ ಚಪ್ಪಾಳೆ ತಗೊಳ್ಳೋ ಕಥೆ ಆಯ್ತಾ?"

"ರಶ್ಮಿತಾ, ದೇವರಾಣೆ ಅದು ಸುದೀಪ್ ಕಥೆ ಅಲ್ಲ."

"ಮತ್ತೆ ಯಾರದು?"

"ಅದು... ನಿಮಗೆ ಮಾತ್ರ ಹೇಳೋಕಾಗಲ್ಲ."

"ಊರಿಗೆಲ್ಲ ಹೇಳ್ಬಹುದು, ನಂಗೆ ಮಾತ್ರ ಹೇಳೋಕಾಗಲ್ಲ!" ಅವಳು ಅತ್ತಳೋ ನಕ್ಕಳೋ ಅವಳಿಗೇ ಗೊತ್ತಾಗಲಿಲ್ಲ. "ಇನ್ನು ಈ ಕಡೆ ಬರ್ಬೇಡಿ."

ನಂಬರ್ ಬ್ಲಾಕ್ ಮಾಡಿದಳು. ಅವತ್ತು ಹೊಲಿದ ಬ್ಲೌಸುಗಳನ್ನೆಲ್ಲ ಮರುದಿನ ಬಿಚ್ಚಿ ಹೊಲಿಯಬೇಕಾಯಿತು.

*

ದಿನಗಳು ಹೋದವು. ತೋಟಗಳಲ್ಲಿ ಕಾಫಿ ಹಣ್ಣಾಗತೊಡಗಿತ್ತು. ಒಂದು ಮಧ್ಯಾಹ್ನ ಚಲುವಮ್ಮ ಬಂದಳು. ಮೈಸೂರು ಕಡೆಯಿಂದ ಬಂದು ನೆಲೆಸಿದ ಕುಟುಂಬ. ಗಂಡ ತೀರಿ ವರ್ಷವಾಗಿತ್ತು, ಮಗಳು ಗಂಡನ ಮನೆಯಲ್ಲಿದ್ದಳು. ಮೊದಲೆಲ್ಲ ಬಂದರೆ ಅಂಗಡಿ ತುಂಬ ನಗು ತರುತ್ತಿದ್ದ ಹೆಂಗಸು.

ಅವತ್ತು ಚೀಲದಿಂದ ಮೂರು ರೇಷ್ಮೆ ಸೀರೆ ತೆಗೆದು ಮೇಜಿನ ಮೇಲಿಟ್ಟಳು.

"ಇವಕ್ಕೆ ನನ್ನ ಮಗಳ ಅಳತೆಗೆ ಬ್ಲೌಸ್ ಹೊಲ್ದು ಇಟ್ಟಿರವ್ವ. ಅವ್ಳು ಬಂದು ಇಸ್ಕೊತಾಳೆ."

"ನಿಮ್ಮ ಮದುವೆ ಸೀರೆನೂ ಇದೆಯಲ್ಲಕ್ಕ? ಇದನ್ನ ಯಾರಿಗೂ ಕೊಡಲ್ಲ ಅಂತಿದ್ರಿ?"

"ನಂಗ್ಯಾಕವ್ವ ಇನ್ನು..." ಚಲುವಮ್ಮ ಎಲ್ಲೋ ನೋಡುತ್ತ ನಕ್ಕಳು. "ನೀನು ಒಳ್ಳೇ ಹುಡ್ಗಿ. ಚೆನ್ನಾಗಿರು."

ರಶ್ಮಿತಾ ತಲೆಯೆತ್ತಿ ಅವಳನ್ನು ನೋಡಿದಳು. ಚಲುವಮ್ಮನ ರವಿಕೆ ಭುಜದಿಂದ ಜಾರುತ್ತಿತ್ತು. ತಾನೇ ಅಳತೆ ತೆಗೆದು ಹೊಲಿದ ರವಿಕೆ ಅದು. ಇಷ್ಟು ಸಡಿಲ ಆಗಬೇಕಾದರೆ ಈಯಮ್ಮ ಊಟ ಬಿಟ್ಟು ಎಷ್ಟು ದಿನವಾಗಿರಬೇಕು!

ಕೇಳು ರಶ್ಮಿ. ಕೇಳು... ತಪ್ಪಾಗಿದ್ದರೆ ಬೈಸಿಕೊಂಡರಾಯಿತು.

ಅವಳು ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದಳು. ಚಲುವಮ್ಮನ ಪಕ್ಕ ಬಂದು ಕೂತಳು. ಒರಟಾದ ಆ ಕೈಯನ್ನು ಹಿಡಿದುಕೊಂಡಳು.

"ಅಕ್ಕ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸಾಯಬೇಕು ಅನ್ನಿಸ್ತಿದೆಯಾ?"

ಚಲುವಮ್ಮ ಅವಳನ್ನೇ ನೋಡಿದಳು. ಆಮೇಲೆ ಅವಳೊಳಗಿಂದ ಬಂದ ಅಳು... ಅಂಥ ಅಳುವನ್ನು ರಶ್ಮಿತಾ ತನ್ನ ತಾಯಿಯಿಂದ ಮಾತ್ರ ಕೇಳಿದ್ದಳು.

"ಯಾರೂ ಕೇಳ್ನಿಲ್ಲ ಕಣವ್ವ... ಒಬ್ರೂ ಕೇಳ್ನಿಲ್ಲ. ನಿದ್ದೆ ಬರಾಕಿಲ್ಲ. ಬೆನ್ನು ನೋವು. ಯಾರಿಗೂ ಬ್ಯಾಡವಾದೋಳು ಅನ್ನುಸ್ತದೆ. ಇರೋದ್ಯಾಕೆ ಅಂತ..."

ರಶ್ಮಿತಾ ಬುದ್ಧಿ ಹೇಳಲಿಲ್ಲ. "ಮಗಳ ಮುಖ ನೋಡಿ" ಅನ್ನಲಿಲ್ಲ. ಕೈ ಬಿಡದೆ ಕೇಳಿಸಿಕೊಂಡಳು. ಅಳು ಸ್ವಲ್ಪ ಇಳಿದ ಮೇಲೆ ಟೆಲಿ ಮಾನಸ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು. ಆ ಕಡೆಯ ಹೆಣ್ಣುದನಿ ಚಲುವಮ್ಮನ ಜೊತೆ ಬಹಳ ಹೊತ್ತು ಮಾತಾಡಿತು. ಕೊನೆಗೆ ಹೇಳಿತು, "ಇವತ್ತೇ ಡಾಕ್ಟ್ರನ್ನ ನೋಡಿ. ಅಲ್ಲೀವರೆಗೂ ಅವರನ್ನ ಒಬ್ಬರನ್ನೇ ಬಿಡ್ಬೇಡಿ."

ಇವತ್ತು ಮನಸ್ಸಿನ ಡಾಕ್ಟರ್ ಎಲ್ಲಿ ಸಿಗುತ್ತಾರೆ? ಅದು ಗೊತ್ತಿದ್ದವನು ಒಬ್ಬನೇ.

ಒಂದು ಕ್ಷಣ ಹಟ ಅಡ್ಡ ಬಂತು. ಮರುಕ್ಷಣವೇ ಅವಳು ನಂಬರ್ ಅನ್‌ಬ್ಲಾಕ್ ಮಾಡಿದ್ದಳು.

"ನಿತೇಶ್..."

"ರಶ್ಮಿತಾ? ಏನಾಯ್ತು?"

ಹೇಳಿದಳು. ಅವನು ಬೇರೇನೂ ಕೇಳಲಿಲ್ಲ. "ಡಾಕ್ಟ್ರು ಇವತ್ತು ಸೋಮವಾರಪೇಟೆ ಆಸ್ಪತ್ರೇಲಿ ಇದ್ದಾರೆ. ನಾನೂ ಇಲ್ಲೇ ಇದ್ದೀನಿ. ಕರ್ಕೊಂಡು ಬನ್ನಿ, ಗೇಟ್ ಹತ್ರ ನಿಂತಿರ್ತೀನಿ."

ಬೊಳ್ಳಪ್ಪನ ಆಟೋ ಬಂತು. ಅಳುತ್ತಿದ್ದ ಚಲುವಮ್ಮನನ್ನು ನೋಡಿ ಅವನು, ಹಾಡುತ್ತಿದ್ದ ಟೇಪ್ ಆಫ್ ಮಾಡಿ, "ಹತ್ತಿ ಅಕ್ಕ, ನಿಧಾನವಾಗಿ ಹೋಗೋಣ," ಅಂದ.

*

ಚಲುವಮ್ಮನನ್ನು ದಾಖಲು ಮಾಡಿಕೊಂಡರು. ಮಗಳು ಓಡಿ ಬಂದಳು. ತಾಯಿ ಮಗಳು ತಬ್ಬಿಕೊಂಡು ಅಳುವಾಗ ರಶ್ಮಿತಾ ಮೆಲ್ಲನೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

ನಿತೇಶ್ ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

"ಚೆನ್ನಾಗಿ ನಿಭಾಯಿಸಿದ್ರಿ."

"ಅಣ್ಣನ ವಿಷಯದಲ್ಲಿ ಆಗ್ಲಿಲ್ಲ." ಅವಳು ಅವನ ಕಡೆ ತಿರುಗಿದಳು. "ಈಗ ಹೇಳಿ. ಹುದಿಕೇರೀಲಿ ಹೇಳಿದ್ದು ಯಾರ ಕಥೆ?"

ಅವನು ಮುಖವೆತ್ತಿ ಅವಳನ್ನು ನೋಡಿದ.

"ನಂದು."

"ಏನು...?"

"ನಂಗೆ ಇಪ್ಪತ್ತೆರಡು ಆಗ. ಮೈಸೂರಲ್ಲಿ ಓದ್ತಿದ್ದೆ. ಕಾರಣ ಒಂದೇ ಅಂತ ಇರ್ಲಿಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರ್ತಿರ್ಲಿಲ್ಲ, ಯಾರಿಗೂ ಹೇಳ್ಲಿಲ್ಲ. ಕೊನೇ ಸಲ ನೋಡ್ಬೇಕು ಅಂತ ಅಕ್ಕನ ಮನೆಗೆ ಹೋದೆ. ಟೀ ಕುಡಿದು ಬಸ್ ಸ್ಟ್ಯಾಂಡಿಗೆ ಹೊರಟೆ. ಅವತ್ತು ಬಸ್ ಕೆಟ್ಟು ನಿಂತು ಬರ್ಲೇ ಇಲ್ಲ. ವಾಪಸ್ ಅಕ್ಕನ ಮನೆಗೇ ಹೋದೆ. ನನ್ನ ತಟ್ಟೇಲಿ ಅನ್ನ ಹಾಗೇ ಇರೋದು ನೋಡಿ ಅಕ್ಕ ರೇಗಿ ಕೇಳಿದ್ಲು, 'ಏನು ಸಾಯ್ಬೇಕು ಅಂತಿದ್ದೀಯಾ ನೀನು?' ಅಂತ. ಅವಳು ಬೈದಿದ್ದು ಅಷ್ಟೇ. ನಾನು ಹೌದು ಅಂದುಬಿಟ್ಟೆ."

ರಶ್ಮಿತಾ ಒಂದು ಮೆಟ್ಟಿಲು ಕೆಳಗಿಳಿದು ಅವನ ಪಕ್ಕ ಕೂತಳು.

"ಡಾಕ್ಟ್ರು, ಮಾತ್ರೆ, ಕೌನ್ಸೆಲಿಂಗ್. ಎರಡು ವರ್ಷ ಆಯ್ತು ಸರಿ ಹೋಗೋಕೆ. ಆಮೇಲೆ ಈ ಕೆಲಸಕ್ಕೆ ಬಂದೆ. ಎಲ್ಲ ಕಡೆ 'ಒಬ್ಬ ಹುಡುಗ' ಅಂತ ಹೇಳ್ತೀನಿ, ನಾನೇ ಅಂತ ಹೇಳಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನೀವು ಆ ಟೀ ಮಾತು ಹೇಳಿದಾಗ ನನ್ನ ಎದೆ ಒಡೆದುಹೋಯ್ತು. ನನ್ನ ಅಕ್ಕ ಕೇಳಿದ್ಲು, ಉಳಿಸ್ಕೊಂಡ್ಲು ಅಂತ ಹೇಳಿದ್ರೆ ನಿಮಗೆ ಏನನ್ನಿಸ್ತಿತ್ತು?"

ಅವಳಿಗೆ ಅನ್ನಿಸಿಯೇ ಬಿಟ್ಟಿತ್ತು. ಅವನು ಹೆದರಿದ್ದೇ ನಡೆದಿತ್ತು.

"ನಾನೂ ಕೇಳಿದ್ದಿದ್ರೆ... ಅಣ್ಣನೂ ಹೌದು ಅಂತಿದ್ನಾ...?"

"ಗೊತ್ತಿಲ್ಲ ರಶ್ಮಿತಾ. ಸುಳ್ಳು ಹೇಳಲ್ಲ, ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ನನ್ನ ಅಕ್ಕನಿಗೂ ಏನೂ ಗೊತ್ತಿರ್ಲಿಲ್ಲ. ಬಸ್ ಬಂದಿದ್ದಿದ್ರೆ ಅವಳೂ ಇವತ್ತು ನಿಮ್ಮ ಥರಾನೇ ಕೂತು ಅಳ್ತಿದ್ಲು. ನಾನು ಉಳಿದಿದ್ದು ಅವಳ ಜಾಣತನದಿಂದ ಅಲ್ಲ. ಸುದೀಪ್ ಹೋಗಿದ್ದು ನಿಮ್ಮ ತಪ್ಪಿಂದಾನೂ ಅಲ್ಲ."

ಅವಳು ಮುಖ ಮುಚ್ಚಿಕೊಂಡು ಅತ್ತಳು. ಮೂರು ವರ್ಷ ಒಳಗಿಟ್ಟಿದ್ದೆಲ್ಲ ಹೊರಗೆ ಬರುವ ತನಕ ಅತ್ತಳು.

ಕಣ್ಣೊರೆಸಿಕೊಂಡು ನೋಡಿದರೆ ಅವನು ಅಲ್ಲೇ ಇದ್ದ.

"ಇನ್ನೊಂದು ವಿಷಯ," ನಿತೇಶ್ ನಿಧಾನವಾಗಿ ಹೇಳಿದ. "ನಾನು ನಿಮ್ಮನ್ನ ಪ್ರೀತಿಸ್ತೀನಿ. ಇದನ್ನೂ ಹೇಳೋ ಧೈರ್ಯ ಇರ್ಲಿಲ್ಲ. ಒಬ್ಬರನ್ನ ಕಳಕೊಂಡ ಮನೆಗೆ ನನ್ನಂಥವನು ಹೇಗೆ ಬರ್ಲಿ? ಉತ್ತರ ಬೇಡ. ಗೊತ್ತಿರ್ಲಿ ಅಂತ ಹೇಳಿದೆ."

ರಶ್ಮಿತಾಳಿಗೆ ಖುಷಿಯಾಯಿತು. ಅದರ ಬೆನ್ನಿಗೇ ಭಯವೂ ಬಂತು.

ಇವನನ್ನೂ ಕಳಕೊಂಡರೆ...? ಇನ್ನೊಂದು ಸಲ ನನ್ನ ಕೈಲಿ ಆಗುತ್ತಾ?

ಅವಳು ಎದ್ದು ಬಸ್ ಸ್ಟ್ಯಾಂಡ್ ಕಡೆ ನಡೆದಳು.

*

ಜನವರಿಯಲ್ಲಿ ಹಾಸನದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಸೋದರಮಾವ ಕಾಫಿ ಕುಡಿಯುತ್ತ ಕೇಳಿದರು, "ಮಗ ಹೋಗ್ಬಿಟ್ಟ ಅಂತ ಕೇಳಿದ್ವಿ. ಏನಾಗಿತ್ತು?"

"ಹಾರ್ಟ್..." ಅಂದ ಮುತ್ತಮ್ಮ ತಟ್ಟನೆ ಮಾತು ನಿಲ್ಲಿಸಿದಳು. ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ಮಗಳನ್ನು ನೋಡಿದಳು. ಗಂಡನನ್ನು ನೋಡಿದಳು.

"ಇಲ್ಲ. ಹಾರ್ಟ್ ಅಟ್ಯಾಕ್ ಅಲ್ಲ. ನನ್ನ ಮಗನಿಗೆ ಮನಸ್ಸು ಸರಿ ಇರ್ಲಿಲ್ಲ. ನಮಗೆ ತಿಳೀಲಿಲ್ಲ. ಅವನೇ ಜೀವ ಕಳ್ಕೊಂಡ. ಒಳ್ಳೇ ಹುಡುಗ ಕಣಣ್ಣ ನನ್ನ ಸುದೀಪ. ಭಾಳ ಒಳ್ಳೇ ಹುಡುಗ."

ಬಂದವರು ಲೋಟ ಕೆಳಗಿಟ್ಟರು. "ಮನೇಲಿ ಮಾತಾಡಿ ಹೇಳ್ತೀವಿ," ಎಂದು ಎದ್ದರು. ಅವರ ಕಾರು ತಿರುವಿನಲ್ಲಿ ಮರೆಯಾಯಿತು.

ಮುತ್ತಮ್ಮ ಅಳಲಿಲ್ಲ. "ಅಬ್ಬಾ!" ಎಂದು ಉಸಿರು ಬಿಟ್ಟಳು. "ಎಷ್ಟು ಹಗುರ ಆಯ್ತು ಗೊತ್ತಾ ರಶ್ಮಿ? ಮೂರು ವರ್ಷ ನನ್ನ ಮಗನ ಹೆಸರು ಹೇಳೋಕೂ ಹೆದರಿದ್ದೆ ಕಣೆ."

ಕೃಷ್ಣಪ್ಪ ಬಂದು ಹೆಂಡತಿಯ ಪಕ್ಕ ಕೂತರು. "ಒಳ್ಳೇ ಹುಡುಗ," ಅಂದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಮಾತು ಅದು.

ಸ್ವಲ್ಪ ಹೊತ್ತಿನ ಮೇಲೆ ಮುತ್ತಮ್ಮ ಕೇಳಿದಳು, "ಆ ಟ್ರೈನಿಂಗ್ ಹುಡುಗ ಯಾಕೆ ಈಗ ಬರಲ್ಲ? ಅವನು ಬರ್ತಿದ್ದಾಗ ನಿನ್ನ ಮುಖದಲ್ಲಿ ಕಳೆ ಇತ್ತು. ನಂಗೆ ಕಾಣಲ್ಲ ಅಂದ್ಕೊಂಡಿದ್ದೀಯಾ?"

ರಶ್ಮಿತಾ ಏನನ್ನೂ ಮುಚ್ಚಿಡಲಿಲ್ಲ. ನಿತೇಶ್ ಒಮ್ಮೆ ಸಾವಿನ ಬಾಗಿಲವರೆಗೂ ಹೋಗಿ ಬಂದವನು ಎಂಬುದನ್ನೂ ಹೇಳಿದಳು. ಅದನ್ನು ಕೇಳಿ ಮುತ್ತಮ್ಮನ ಮುಖ ಬಾಡಿತು.

"ಭಯ ಆಗುತ್ತೆ ಕಣೆ."

"ನಂಗೂ ಅಮ್ಮ."

ಮುತ್ತಮ್ಮ ತನಗೆ ತಾನೇ ಹೇಳಿಕೊಳ್ಳುವಂತೆ ಹೇಳಿದಳು, "ನಮ್ಮ ಸುದೀಪ ಅವತ್ತು ಉಳಿದಿದ್ದಿದ್ರೆ... ಅವನಿಗೂ ಒಂದು ಹುಡುಗಿ ನೋಡ್ತಿದ್ವಲ್ಲ? ಆ ಹುಡುಗಿ ಅಮ್ಮ, 'ಇಂಥವನಿಗೆ ನನ್ನ ಮಗಳನ್ನ ಕೊಡಲ್ಲ' ಅಂತ ಬಾಗಿಲು ಹಾಕಿದ್ದಿದ್ರೆ ನನ್ನ ಹೊಟ್ಟೆ ಎಷ್ಟು ಉರೀತಿತ್ತು ಹೇಳು?"

ರಶ್ಮಿತಾ ತಾಯಿಯ ಮಡಿಲಲ್ಲಿ ತಲೆಯಿಟ್ಟಳು.

"ಹೋಗಿ ಮಾತಾಡು," ಮುತ್ತಮ್ಮ ಅವಳ ತಲೆ ಸವರಿದಳು. "ಭಯ ಇದ್ರೆ ಭಯಾನೂ ಹೇಳು."

*

ಮೂರ್ನಾಡಿನ ಬಸ್ಸಿಳಿದು ನಿತೇಶನ ಅಕ್ಕ ಅನುಶ್ರೀಯ ಮನೆ ಕೇಳಿಕೊಂಡು ಹೋದಾಗ ಬಿಸಿಲು ಏರಿತ್ತು. ಬಾಗಿಲಿಗೆ ಬಂದ ಅನುಶ್ರೀ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು.

"ರಶ್ಮಿತಾ ಅಲ್ವಾ? ಒಳಗೆ ಬನ್ನಿ ಅಂತ ಕರೀಬೇಕು ನಾನು. ಆದ್ರೆ ನೀವು ನೋಡೋಕೆ ಬಂದಿರೋದು ನನ್ನನ್ನಲ್ಲ. ಕಣದಲ್ಲಿದ್ದಾನೆ, ಹೋಗಿ."

ಕಣದ ತುಂಬ ಕಾಫಿ ಹಣ್ಣು ಒಣಗಲು ಹರಡಿತ್ತು. ನಿತೇಶ್ ಪಂಚೆ ಮೇಲೆ ಕಟ್ಟಿ, ಬರಿಗಾಲಲ್ಲಿ ನಿಂತು ಕೋಲಿನಿಂದ ಹಣ್ಣು ತಿರುವಿಹಾಕುತ್ತಿದ್ದ. ಸದ್ದಾಗಿ ತಿರುಗಿದವನು ಹಾಗೇ ನಿಂತ.

"ನೀವು... ಇಲ್ಲಿ?"

ರಶ್ಮಿತಾ ಚಪ್ಪಲಿ ಬಿಟ್ಟು ಕಣಕ್ಕಿಳಿದಳು. ಕಾಲಡಿ ಹಣ್ಣು ಬೆಚ್ಚಗಿದ್ದವು.

"ಚಲುವಮ್ಮ ಅಕ್ಕ ಹುಷಾರಾಗ್ತಿದ್ದಾರೆ. ಮಗಳ ಮನೇಲಿದ್ದಾರೆ. ಮೊನ್ನೆ ಫೋನಲ್ಲಿ ನನ್ನ ಬೈದ್ರು, ಬ್ಲೌಸ್ ಇನ್ನೂ ಆಗಿಲ್ವಾ ಅಂತ."

"ಬೈದ್ರು ಅಂದ್ರೆ ಒಳ್ಳೇದು," ಅವನು ನಕ್ಕ. "ಇದನ್ನ ಹೇಳೋಕೆ ಇಷ್ಟು ದೂರ ಬಂದ್ರಾ?"

"ಇಲ್ಲ. ನಂಗೆ ಭಯ ಇದೆ ಅಂತ ಹೇಳೋಕೆ ಬಂದೆ. ನೀವು ಫೋನ್ ಎತ್ತೋದು ತಡ ಆದ್ರೆ ನನ್ನ ಜೀವ ಬಾಯಿಗೆ ಬರುತ್ತೆ. ಆದ್ರೆ ನೀವಿಲ್ದೇ ಇರೋದು ಅದಕ್ಕಿಂತ ಕಷ್ಟ ಅಂತ ಇಷ್ಟು ದಿನದಲ್ಲಿ ಗೊತ್ತಾಯ್ತು." ಅವಳ ಕಣ್ಣು ತುಂಬಿತ್ತು. "ನಾನೂ ನಿಮ್ಮನ್ನ ಪ್ರೀತಿಸ್ತೀನಿ ನಿತೇಶ್."

ಅವನು ಕೋಲನ್ನು ಕೆಳಗಿಟ್ಟ. ಹತ್ತಿರ ಬಂದ.

"ಇನ್ಯಾವತ್ತೂ ಹಾಗಾಗಲ್ಲ ಅಂತ ಮಾತು ಕೊಡಿ ಅಂದ್ರೆ ನನ್ನ ಕೈಲಿ ಆಗಲ್ಲ ರಶ್ಮಿತಾ. ಮುಚ್ಚಿಡಲ್ಲ ಅಂತ ಮಾತ್ರ ಹೇಳ್ಬಲ್ಲೆ. ಮನಸ್ಸು ಭಾರ ಆದ ದಿನ ಮೊದಲು ನಿಮಗೆ ಹೇಳ್ತೀನಿ. ಡಾಕ್ಟ್ರ ಹತ್ರ ಹೋಗ್ತೀನಿ."

"ಅಷ್ಟು ಸಾಕು. ಮತ್ತೆ, ನಾನು ಹಗಲೂ ರಾತ್ರಿ ನಿಮ್ಮನ್ನ ಕಾಯೋಕೆ ಬರ್ತಿಲ್ಲ. ಬಾಳೋಕೆ ಬರ್ತಿದ್ದೀನಿ. ಜಗಳಾನೂ ಆಡ್ತೀನಿ."

"ಆಡು," ಅವನು ಅವಳ ಕೈ ಹಿಡಿದುಕೊಂಡ. "ಭಾರ ಆದಾಗ ನೀನೂ ಹೇಳ್ಬೇಕು. ಎಲ್ಲಾನೂ ಒಬ್ಬಳೇ ಹೊತ್ಕೊಂಡು ತಿರುಗಬಾರ್ದು."

ರಶ್ಮಿತಾ ತಲೆಯೆತ್ತಿ ಅವನನ್ನು ನೋಡಿದಳು. ಕಣ್ಣೀರಿನ ನಡುವೆಯೇ ನಗು ಮೂಡಿತು.

"ಈಗ 'ನೀನು' ಅಂದ್ರಿ."

"ಅಂದೆ. ಬೇಡ್ವಾ?"

"ಬೇಕು." ಅವಳು ಮೆಲ್ಲನೆ ಹೇಳಿದಳು. "ಆದ್ರೆ ನಂಗೆ ನಿಮ್ಮನ್ನ ಹಾಗೆ ಕರೆಯೋಕೆ ನಾಚಿಕೆ."

"ಪ್ರಯತ್ನ ಮಾಡು. ಇಲ್ಲಿ ಯಾರೂ ಇಲ್ಲ."

"ನಿಮ್ಮಕ್ಕ ಕಿಟಕೀಲಿ ನೋಡ್ತಿದ್ದಾರೆ!"

"ನೋಡ್ಲಿ ಬಿಡು. ಹೇಳು..."

ಅವಳು ತುಟಿ ಕಚ್ಚಿ, ಕಣ್ಣು ತಗ್ಗಿಸಿ, ಬೆಚ್ಚಗಿನ ಹಣ್ಣುಗಳನ್ನು ಕಾಲ್ಬೆರಳಿಂದ ಸರಿಸುತ್ತ ಅಂದಳು.

"ನೀನು... ಊಟ ಮಾಡಿದ್ಯಾ?"

"ಇಲ್ಲ," ನಿತೇಶನ ದನಿ ತೇವವಾಗಿತ್ತು. "ಬಾ, ಒಟ್ಟಿಗೆ ಮಾಡೋಣ."